ಹಿಮವನ್ನು ಎಲ್ಲಿಗೆ ತಳ್ಳುವುದು?

ನ್ಯೂಯಾರ್ಕ್ ಎಂದರೆ ನಮ್ಮವರ ಕಣ್ಣಿಗೆ ಕಟ್ಟುವುದು ಮುಗಿಲು ಮುಟ್ಟುವ ಕಟ್ಟಡಗಳು, ಸ್ವಾತಂತ್ರ್ಯದೇವಿಯ ಪ್ರತಿಮೆ. ಅದು ನ್ಯೂಯಾರ್ಕ್ ನಗರ. ಅದೇ ಹೆಸರಿನ ರಾಜ್ಯವೂ ಒಂದಿದೆ; ಅದರ ಬಹುಪಾಲು ಕಾಡು, ಹೊಲ, ಸೇಬಿನ ತೋಟ, ಸರೋವರ. ನಗರದಿಂದ ವಾಯವ್ಯಕ್ಕೆ ಕಾರಿನಲ್ಲಿ ನಾಲ್ಕೈದು ಗಂಟೆ ಹೋದರೆ ಸಿರಾಕ್ಯೂಸ್ ಎಂಬ ಊರು ಸಿಗುತ್ತದೆ. ಅದರ ಉತ್ತರದ ಬಡಾವಣೆಯೊಂದರಲ್ಲಿ ನನ್ನ ಮಗನ ಮನೆ. ಅಕ್ಟೋಬರ್ ಕೊನೆಯಲ್ಲಿ ಹೋಗಿ ಏಪ್ರಿಲಿನಲ್ಲಿ ಮರಳಿದ ನಾವು ಅಜ್ಜ ಅಜ್ಜಿ ಅಲ್ಲಿನ ಚಳಿಗಾಲವನ್ನು ಮೊದಲಿನಿಂದ ಕೊನೆಯವರೆಗೆ ನೋಡಿ ಬಂದೆವು.

ಸಿರಾಕ್ಯೂಸಿಗೆ ‘ಉಪ್ಪಿನ ಊರು’ ಎಂಬ ಅಡ್ಡಹೆಸರಿದೆ. ಊರಿನ ಮಗ್ಗುಲಲ್ಲೇ ಇರುವ ಓನೊಂಡಾಗಾ ಸರೋವರದ ದಂಡೆಯಲ್ಲಿ ಉಪ್ಪುನೀರಿನ ಬುಗ್ಗೆಗಳಿದ್ದವು. ಆ ನೀರನ್ನು ಕುದಿಸಿ, ಒಣಗಿಸಿ ತೆಗೆದ ಉಪ್ಪು 1825ರಲ್ಲಿ ಪೂರ್ತಿಯಾದ ಈರಿ ಕಾಲುವೆಯಲ್ಲಿ ದೋಣಿಯೇರಿ ದೂರದೂರಕ್ಕೆ ಹೋಗುತ್ತಿತ್ತು. ಈಗ ಆ ಕಸುಬು ಇಲ್ಲ. ಆದರೆ ಉಪ್ಪು ಮಾತ್ರ ಊರನ್ನು ಬಿಟ್ಟಿಲ್ಲ. ಚಳಿಗಾಲದಲ್ಲಿ ರಸ್ತೆಯ ಮೇಲಿನ ಹಿಮ ಕರಗಲಿ ಎಂದು ಲಾರಿಗಟ್ಟಲೆ ಉಪ್ಪು ಸುರಿಯುತ್ತಾರೆ. ಉಪ್ಪು ತಿಂದವನು ನೀರು ಕುಡಿಯಬೇಕು ಎನ್ನುತ್ತೇವಲ್ಲ, ಅಲ್ಲಿ ಉಪ್ಪು ತಿಂದ ಕಾರುಗಳು ತುಕ್ಕು ಹಿಡಿಯುತ್ತವೆ.

ಇಷ್ಟು ಹಿಮ ಎಲ್ಲಿಂದ ಬರುತ್ತದೆ? ಊರಿನ ವಾಯವ್ಯಕ್ಕೆ ಒಂಟಾರಿಯೋ ಸರೋವರವಿದೆ. ಹೆಸರಿಗೆ ಸರೋವರ, ನೋಡಿದರೆ ಸಮುದ್ರ. ಆಚೆ ದಡ ಕಾಣುವುದಿಲ್ಲ. ಅತ್ಯಂತ ಆಳದ ಕಡೆ 244 ಮೀಟರ್ ಇದೆ. ಅಷ್ಟು ಆಳವಿರುವುದರಿಂದ ಬೇಸಿಗೆಯ ಬಿಸುಪನ್ನು ಬಹುಕಾಲ ಹಿಡಿದಿಟ್ಟುಕೊಳ್ಳುತ್ತದೆ, ಪೂರ್ತಿ ಹೆಪ್ಪುಗಟ್ಟುವುದು ಅಪರೂಪ. ಕೆನಡಾ ಕಡೆಯಿಂದ ಬೀಸುವ ಕೊರೆಯುವ ಗಾಳಿ ಈ ನೀರಿನ ಮೇಲೆ ಹಾಯುವಾಗ ಆವಿಯನ್ನು ಹೀರಿಕೊಂಡು, ದಡ ಮುಟ್ಟಿದೊಡನೆ ಹಿಮವಾಗಿ ಸುರಿಸಿಬಿಡುತ್ತದೆ. ಅರಬ್ಬೀ ಸಮುದ್ರದ ಗಾಳಿ ಘಟ್ಟ ಹತ್ತುವಾಗ ಆಗುಂಬೆಯಲ್ಲಿ ಮಳೆ ಸುರಿಸುವಂತೆಯೇ ಇದು. ಸಿರಾಕ್ಯೂಸಿನಲ್ಲಿ ಒಂದು ಚಳಿಗಾಲಕ್ಕೆ 120 ಇಂಚಿನ ಆಸುಪಾಸು, ಅಂದರೆ ಹತ್ತು ಅಡಿ ಹಿಮ ಬೀಳುವುದು ಮಾಮೂಲು. 1992–93ರ ಚಳಿಗಾಲದಲ್ಲಿ 192 ಇಂಚು ಬಿದ್ದಿತ್ತಂತೆ. ಸರೋವರದ ದಂಡೆಯ ಆಸ್ವೀಗೋ ಊರಿನಲ್ಲಿ 1966ರ ಜನವರಿ ಕೊನೆಯ ಒಂದೇ ಬಿರುಗಾಳಿಗೆ 102 ಇಂಚು! ಈ ಪ್ರಾಂತ್ಯದ ಊರುಗಳ ನಡುವೆ ಯಾರಿಗೆ ಹೆಚ್ಚು ಹಿಮ ಎಂಬ ಪೈಪೋಟಿಯೂ ನಡೆಯುತ್ತದೆ. ಅದಕ್ಕೆ ‘ಗೋಲ್ಡನ್ ಸ್ನೋಬಾಲ್’ ಎಂದು ಹೆಸರು. ಹೆಚ್ಚಿನ ವರ್ಷ ಗೆಲ್ಲುವುದು ಸಿರಾಕ್ಯೂಸೇ. ಬೇಡದ ಗೆಲುವು ಎನ್ನಬೇಡಿ, ಅವರಿಗೆ ಹೆಮ್ಮೆಯಿದೆ.

ಮಕ್ಕಳಿಗಂತೂ ಹಿಮವೆಂದರೆ ರಜೆ. ತುಂಬಾ ಬಿದ್ದರೆ ಬೆಳಗಿನ ಜಾವವೇ ಶಾಲೆಯಿಂದ ಸಂದೇಶ ಬರುತ್ತದೆ: ಈ ದಿನ ಶಾಲೆಯಿಲ್ಲ. ಆ ರಜೆಯನ್ನು ಬರಮಾಡಿಕೊಳ್ಳಲು ಮಕ್ಕಳಲ್ಲಿ ಒಂದು ಶಾಸ್ತ್ರವಿದೆ. ರಾತ್ರಿ ಪೈಜಾಮವನ್ನು ಒಳಹೊರಗು ಮಾಡಿ ಹಾಕಿಕೊಳ್ಳಬೇಕು, ದಿಂಬಿನ ಕೆಳಗೆ ಚಮಚ ಇಡಬೇಕು, ಕಕ್ಕಸಿನಲ್ಲಿ ಐಸ್ ತುಂಡು ಹಾಕಿ ನೀರು ಬಿಡಬೇಕು. ಒಂಬತ್ತು ವರ್ಷದ ನನ್ನ ಮೊಮ್ಮಗಳು ಮೂರನ್ನೂ ಶ್ರದ್ಧೆಯಿಂದ ಮಾಡುತ್ತಿದ್ದಳು. ದೇವರ ಮುಂದೆ ಐದು ನಿಮಿಷ ಕೂರು ಎಂದರೆ ಕೂರದವಳು!

ಆದರೆ ಅವಳ ಅಮ್ಮನಿಗೆ ಹಿಮದ ರಜೆಯಿಲ್ಲ. ನನ್ನ ಸೊಸೆ ಆಸ್ಪತ್ರೆಯಲ್ಲಿ ನರ್ಸ್. ಏಳಕ್ಕೆ ಅವಳ ಪಾಳಿ ಶುರು. ರಾತ್ರಿ ಪಾಳಿಯವರು ಇವಳು ಬರುವವರೆಗೆ ಮನೆಗೆ ಹೋಗುವಂತಿಲ್ಲ. ಅಂದರೆ ಎಷ್ಟೇ ಹಿಮ ಬೀಳಲಿ, ಬೆಳಗ್ಗೆ ಆರಕ್ಕೆ ಕಾರು ಬೀದಿಗೆ ಇಳಿದಿರಬೇಕು. ಬೀದಿಯ ಹಿಮವನ್ನು ಊರಿನ ಆಡಳಿತದ ದೊಡ್ಡ ಲಾರಿಗಳು ಬಂದು ತಳ್ಳಿಕೊಂಡು ಹೋಗುತ್ತವೆ. ಮನೆಯ ಗ್ಯಾರೇಜಿನಿಂದ ಬೀದಿಯವರೆಗಿನ ದಾರಿ ಇದೆಯಲ್ಲ, ‘ಡ್ರೈವ್‌ವೇ’ ಎನ್ನುತ್ತಾರೆ, ಅದು ಮನೆಯವರ ಪಾಲು.

ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಕಳೆದವನಿಗೆ ಲೆಕ್ಕ ಹಾಕದೆ ಇರಲಾಗದು. ಮಗನ ಮನೆಯ ಡ್ರೈವ್‌ವೇ ಉದ್ದ 18 ಮೀಟರ್, ಅಗಲ 5 ಮೀಟರ್. ಅದರ ಮೇಲೆ ಒಂದಡಿ, ಅಂದರೆ 30 ಸೆಂಟಿಮೀಟರ್ ಹಿಮ ಬಿತ್ತೆನ್ನಿ. 27 ಘನಮೀಟರ್ ಆಯಿತು. ಸಾಧಾರಣವಾಗಿ ಹತ್ತು ಇಂಚು ಹಿಮ ಕರಗಿದರೆ ಒಂದು ಇಂಚು ನೀರು ಎಂದು ಹಿಡಿಯುತ್ತಾರೆ. ಹಾಗೆ ನೋಡಿದರೆ ಆ ಹಿಮದ ತೂಕ 2,700 ಕಿಲೋ. ಐವತ್ತು ಕಿಲೋದ 54 ಸಿಮೆಂಟ್ ಮೂಟೆ. ಒದ್ದೆ ಹಿಮವಾದರೆ ಇನ್ನೂ ಭಾರ. ಇದನ್ನು ಬೆಳಗಿನ ಐದು ಗಂಟೆಗೆ, ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಸಲಿಕೆಯಿಂದ ಎತ್ತಿ ಬದಿಗೆ ಎಸೆಯಬೇಕು. ಮಳೆಯಾದರೆ ತಾನಾಗಿ ಹರಿದು ಹೋಗುತ್ತದೆ. ಆ ಹತ್ತು ಅಡಿ ಹಿಮವೆಲ್ಲ ಕರಗಿದರೂ ಒಂದಡಿ ನೀರು. ಆಗುಂಬೆಯ ಜುಲೈನಲ್ಲಿ ಕೆಲವೇ ದಿನಗಳಿಗೆ ಬರುವಷ್ಟು. ಅಲ್ಲಿ ಅದು ಬಾಗಿಲಲ್ಲಿ ಬಂದು ಕೂತುಬಿಡುತ್ತದೆ, ಏಪ್ರಿಲ್‌ವರೆಗೆ ಏಳುವುದಿಲ್ಲ.

ಚಳಿಗೆ ರಕ್ತನಾಳಗಳು ಬಿಗಿಯುತ್ತವೆ, ರಕ್ತದ ಒತ್ತಡ ಏರುತ್ತದೆ. ಹಾಸಿಗೆಯಿಂದ ಎದ್ದವನು ನೇರವಾಗಿ ಇಂಥ ಶ್ರಮಕ್ಕೆ ಇಳಿದರೆ ಹೃದಯಕ್ಕೆ ಕಷ್ಟ. ಅಲ್ಲಿನ ವೈದ್ಯರು ಪ್ರತಿ ಚಳಿಗಾಲದಲ್ಲೂ ಇದನ್ನು ಎಚ್ಚರಿಸುತ್ತಾರೆ. ನಮ್ಮ ಮನೆತನದಲ್ಲಿ ಹೃದಯದ ತೊಂದರೆ ಇದೆ. ನನ್ನ ತಮ್ಮ ಐವತ್ತೊಂದಕ್ಕೆ ಹೋದ. ಮಗನಿಗೆ ಈಗ ನಲವತ್ತಾರು. ಅವನು ಸಲಿಕೆ ಹಿಡಿದು ಹೊರಗೆ ನಿಂತಷ್ಟು ಹೊತ್ತೂ ನನ್ನ ಹೆಂಡತಿ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ಕಾಫಿ ಆರಿಹೋಗುತ್ತಿತ್ತು.

ಬೇರೆ ದಾರಿಗಳಿಲ್ಲವೇ? ಹಿಮವನ್ನು ಹೀರಿ ದೂರಕ್ಕೆ ಉಗುಳುವ ಕೈಯಂತ್ರವಿದೆ. ಅದರ ಹಿಂದೆಯೂ ಮುಕ್ಕಾಲು ಗಂಟೆ ಗಾಳಿಗೆ ಮುಖವೊಡ್ಡಿ ನಡೆಯಬೇಕು. ಗುತ್ತಿಗೆದಾರರೂ ಇದ್ದಾರೆ. ಚಳಿಗಾಲಕ್ಕೆ ಇಷ್ಟು ಎಂದು ಕೊಟ್ಟರೆ ಬಂದು ತಳ್ಳಿ ಹೋಗುತ್ತಾರೆ. ಆದರೆ ಒಬ್ಬೊಬ್ಬನಿಗೂ ಹತ್ತಾರು ಮನೆ. ನಮ್ಮ ಸರದಿ ಎಂಟಕ್ಕೆ ಬಂದರೆ ಆರಕ್ಕೆ ಹೊರಡುವ ಸೊಸೆಗೆ ಏನು ಉಪಯೋಗ? ಕೊನೆಗೆ ಮಗ, ತನ್ನ ಜೀಪಿಗೇ ‘ಸ್ನೋ ಪ್ಲೌ’ ಕಟ್ಟಿಸುತ್ತೇನೆ ಎಂದ.

ಪ್ಲೌ ಎಂದರೆ ನೇಗಿಲು. ಆದರೆ ಇದು ನೇಗಿಲಿನ ಕೆಲಸ ಮಾಡುವುದಿಲ್ಲ. ಅಂಗಳದಲ್ಲಿ ಒಣಹಾಕಿದ ಭತ್ತವನ್ನು ಹಲಗೆಯಿಂದ ಗೋರಿ ರಾಶಿ ಮಾಡುತ್ತೇವಲ್ಲ, ಅಂಥ ಹಲಗೆ. ಕಬ್ಬಿಣದ್ದು, ಒಳಕ್ಕೆ ಬಾಗಿದ್ದು, ಗಾಡಿಯ ಮೂತಿಗೆ ಕಟ್ಟುವಂಥದ್ದು. ಜೀಪಿಗೂ ಇದಕ್ಕೂ ಹಳೆಯ ನಂಟು. ಎರಡನೇ ಮಹಾಯುದ್ಧದ ಜೀಪನ್ನು ವಿಲ್ಲೀಸ್ ಕಂಪನಿ 1945ರಲ್ಲಿ ಜನಸಾಮಾನ್ಯರಿಗೆ ಮಾರತೊಡಗಿದಾಗ ಗುರಿಯಿಟ್ಟದ್ದು ರೈತರನ್ನೇ. ಉಳುವ ನೇಗಿಲು, ಹಿಮದ ಹಲಗೆ ಎಲ್ಲವನ್ನೂ ಅದಕ್ಕೆ ಜೋಡಿಸಬಹುದಿತ್ತು. ಅದೇ ವಿಲ್ಲೀಸ್ ಜೀಪನ್ನು ನಮ್ಮಲ್ಲಿ ಮಹೀಂದ್ರದವರು ಜೋಡಿಸಿ ಮಾರಿದರು, ಅದು ಮಲೆನಾಡಿನ ಎಸ್ಟೇಟುಗಳನ್ನೆಲ್ಲ ಹತ್ತಿತು. ನಾನು ಕೊಪ್ಪದ ಶಾಖೆಯಲ್ಲಿದ್ದಾಗ ಜೀಪಿನ ಸಾಲದ ಅರ್ಜಿಗಳು ನನ್ನ ಮೇಜಿನ ಮೇಲೇ ಹಾದುಹೋಗುತ್ತಿದ್ದವು. ಹೀಗಾಗಿ ಆ ಗಾಡಿಯ ಮೇಲೆ ನನಗೊಂದು ಸಲಿಗೆ.

ಮಗನದು ಹತ್ತು ವರ್ಷ ಹಳೆಯ ನಾಲ್ಕು ಬಾಗಿಲಿನ ಜೀಪ್ ರ್ಯಾಂಗ್ಲರ್. ಎಲ್ಲ ಎಸ್‌ಯುವಿಗಳಿಗೂ ಹಲಗೆ ಕಟ್ಟಲಾಗದು. ಇಂದಿನ ಅನೇಕ ಗಾಡಿಗಳಿಗೆ ಪ್ರತ್ಯೇಕ ಚಾಸಿಯೇ ಇರುವುದಿಲ್ಲ, ಮೈಯೆಲ್ಲ ಒಂದೇ ಅಚ್ಚು. ತಳ್ಳುವಾಗಿನ ಹೊಡೆತವನ್ನು ಅವು ತಡೆಯಲಾರವು. ಕೆಲವು ಗಾಡಿಗಳ ಕೈಪಿಡಿಯಲ್ಲೇ ‘ಇದಕ್ಕೆ ಪ್ಲೌ ಕಟ್ಟಕೂಡದು’ ಎಂದು ಬರೆದಿರುತ್ತದೆ. ಮುಂದಿನ ಬಂಪರಿನಲ್ಲಿ ಸೆನ್ಸರ್ ಇರುವ ಹೊಸ ಗಾಡಿಗಳಲ್ಲಿ ಹಲಗೆಯೇ ಅವಕ್ಕೆ ಅಡ್ಡವಾಗುತ್ತದೆ. ರ್ಯಾಂಗ್ಲರಿಗೆ ಉದ್ದಕ್ಕೂ ಚಾಸಿ ಇದೆ, ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುತ್ತದೆ.

ಮೊದಲು ಹೋದ ಅಂಗಡಿಯವನು ಏಳೂವರೆ ಅಡಿಯ ಭಾರದ ಹಲಗೆಯನ್ನು ತೋರಿಸಿ, ‘ದೊಡ್ಡದಿದ್ದರೆ ಬೇಗ ಮುಗಿಯುತ್ತದೆ’ ಎಂದ. ಮಗ ಜೀಪಿನ ಬಾಗಿಲು ತೆರೆದು ಕಂಬದ ಮೇಲಿನ ಚೀಟಿಯನ್ನು ನನಗೆ ತೋರಿಸಿದ. ಮುಂದಿನ ಆಕ್ಸಲ್ ಎಷ್ಟು ಭಾರ ಹೊರಬಹುದು, ಹಿಂದಿನದು ಎಷ್ಟು ಎಂದು ಕಂಪನಿ ಅಚ್ಚು ಹಾಕಿದ ಚೀಟಿ ಅದು. ಖಾತೆಯ ಶಿಲ್ಕು ಇದ್ದ ಹಾಗೆ. ಅದನ್ನು ಮೀರಿ ತೆಗೆಯುವಂತಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ, ಶಾಲೆಯ ಮಕ್ಕಳು ಕಾಗದ ಪೆನ್ಸಿಲ್ ಹಿಡಿದು ನೋಡಬಹುದು. ಹಲಗೆಯ ತೂಕ 160 ಕಿಲೋ ಎಂದಿಟ್ಟುಕೊಳ್ಳಿ. ಮುಂದಿನ ಆಕ್ಸಲಿನ ಮೇಲೆ ಬೀಳುವ ಹೆಚ್ಚುವರಿ ಭಾರ 160 ಅಲ್ಲ! ಹಲಗೆ ಇರುವುದು ಚಕ್ರದ ಮೇಲಲ್ಲ, ಅದಕ್ಕಿಂತ ಮುಂದೆ. ಸೀಸಾ ಆಟದ ಹಲಗೆಯಂತೆ ಮುಂದಿನ ತುದಿ ಒತ್ತಿದರೆ ಹಿಂದಿನ ತುದಿ ಮೇಲೇಳುತ್ತದೆ. ಎರಡು ಆಕ್ಸಲುಗಳ ನಡುವೆ 3 ಮೀಟರ್, ಹಲಗೆ ಮುಂದಿನ ಆಕ್ಸಲಿನಿಂದ 1.2 ಮೀಟರ್ ಮುಂದೆ ಎಂದಾದರೆ, 4.2ನ್ನು 3ರಿಂದ ಭಾಗಿಸಿ 160ರಿಂದ ಗುಣಿಸಿ. 224 ಕಿಲೋ! ಹಿಂದಿನ ಚಕ್ರಗಳ ಮೇಲೆ 64 ಕಿಲೋ ಕಡಿಮೆಯಾಯಿತು. ಹಿಂಬದಿ ಹಗುರವಾದರೆ ಆ ಚಕ್ರಗಳಿಗೆ ಹಿಡಿತ ತಪ್ಪುತ್ತದೆ, ಬ್ರೇಕ್ ಹಾಕಿದಾಗ ಗಾಡಿ ಜಾರುತ್ತದೆ. ಅದಕ್ಕೇ ಗಾಡಿಯ ಹಿಂತುದಿಯಲ್ಲಿ ಮರಳಿನ ಚೀಲಗಳನ್ನು ಬಿಗಿದು ಕಟ್ಟುತ್ತಾರೆ. ಮೊಮ್ಮಗಳು ಈ ಲೆಕ್ಕವನ್ನು ಶಾಲೆಯಲ್ಲಿ ಹೇಳಿ ಮೇಡಮ್ಮಿನಿಂದ ಶಹಬ್ಬಾಸ್‌ಗಿರಿ ಪಡೆದಳು.

ಅಗಲದ ವಿಷಯವೂ ಲೆಕ್ಕವೇ. ಹಿಮ ಬದಿಗೆ ಸರಿಯಲೆಂದು ಹಲಗೆಯನ್ನು ಓರೆಯಾಗಿ ತಿರುಗಿಸುತ್ತಾರೆ. 6.5 ಅಡಿಯ ಹಲಗೆಯನ್ನು 30 ಡಿಗ್ರಿ ತಿರುಗಿಸಿದರೆ ಅದು ಗೋರುವ ಅಗಲ ಸುಮಾರು 5.6 ಅಡಿ. ಗಾಡಿಯ ಚಕ್ರಗಳು ಅಷ್ಟರೊಳಗೆ ಇರಬೇಕು. ಇಲ್ಲದಿದ್ದರೆ ತೆಗೆಯದ ಹಿಮದ ಮೇಲೇ ಚಕ್ರ ಹತ್ತಿ ಅದನ್ನು ಕಲ್ಲಿನಂತೆ ಒತ್ತಿಬಿಡುತ್ತದೆ. ಇದನ್ನೆಲ್ಲ ನೋಡಿ ಮಗ ಬೇರೊಬ್ಬರು ಮೂರು ವರ್ಷ ಬಳಸಿದ ಆರೂವರೆ ಅಡಿಯ ಹಗುರ ಹಲಗೆಯನ್ನು ಕೊಂಡ. ಹೊಸದಕ್ಕೆ ಕೆಲವು ಸಾವಿರ ಡಾಲರ್. ಇದು ಅದರ ಅರ್ಧಕ್ಕೂ ಕಡಿಮೆಗೆ ಬಂತು. ಜೀಪಿನ ಚಾಸಿಗೆ ಬೋಲ್ಟ್ ಹಾಕುವ ಚೌಕಟ್ಟನ್ನು ಮಾತ್ರ ಆ ಮಾದರಿಗೆಂದೇ ಮಾಡಿದ್ದನ್ನು ಹೊಸದಾಗಿ ತರಿಸಿದ. ಅದರಲ್ಲಿ ಉಳಿತಾಯ ಮಾಡಬಾರದು ಎಂಬುದು ನನ್ನ ಅಭಿಪ್ರಾಯವೂ ಆಗಿತ್ತು.

ಜೋಡಿಸಲು ಒಂದು ಶನಿವಾರ ಪೂರ್ತಿ ಹಿಡಿಯಿತು. ಚೌಕಟ್ಟು ವರ್ಷವಿಡೀ ಗಾಡಿಯಲ್ಲೇ ಇರುತ್ತದೆ; ಹಲಗೆಯನ್ನು ಎರಡು ದಪ್ಪ ಪಿನ್ನುಗಳಿಂದ ಸಿಕ್ಕಿಸುವುದು, ಬೇಡವಾದಾಗ ಬಿಚ್ಚಿಡುವುದು. ಗಾಡಿಯ ಬ್ಯಾಟರಿಯಿಂದ ನಡೆಯುವ ಸಣ್ಣ ಪಂಪು ಎಣ್ಣೆಯನ್ನು ಒತ್ತಿ ಹಲಗೆಯನ್ನು ಎತ್ತುತ್ತದೆ, ಎಡಬಲಕ್ಕೆ ತಿರುಗಿಸುತ್ತದೆ. ಒಳಗೆ ಕೂತು ಗುಂಡಿ ಒತ್ತಿದರೆ ಸಾಕು. ಹಲಗೆಯ ಹಿಂದೆ ದಪ್ಪ ಸ್ಪ್ರಿಂಗುಗಳಿವೆ. ಹಿಮದಡಿಯ ಕಲ್ಲಿಗೋ ಸಿಮೆಂಟಿನ ಅಂಚಿಗೋ ತಾಗಿದರೆ ಹಲಗೆ ಮುಂದಕ್ಕೆ ಮಡಚಿ, ದಾಟಿದ ಮೇಲೆ ತಾನೇ ಎದ್ದು ನಿಲ್ಲುತ್ತದೆ. ಈ ಸ್ಪ್ರಿಂಗ್ ಇಲ್ಲದಿದ್ದರೆ ಹೊಡೆತವೆಲ್ಲ ಗಾಡಿಗೂ ಓಡಿಸುವವನ ಎದೆಗೂ. ಸೀಟ್ ಬೆಲ್ಟ್ ಕಟ್ಟದೆ ಅಂಗಳದಲ್ಲೂ ಓಡಿಸಬಾರದು. ಎತ್ತಿದ ಹಲಗೆ ಹೆಡ್‌ಲೈಟನ್ನು ಮುಚ್ಚುವುದರಿಂದ ಮೇಲೆ ಬೇರೆ ದೀಪ ಬೇಕು; ರೇಡಿಯೇಟರಿಗೆ ಹೋಗುವ ಗಾಳಿಯನ್ನೂ ಅದು ತಡೆಯುತ್ತದೆ. ಹೊರಗೆ ಹೆಪ್ಪುಗಟ್ಟುವ ಚಳಿ, ಒಳಗೆ ಎಂಜಿನ್ ಕಾಯುವ ಭಯ!

ಇನ್ನು ಓಡಿಸುವ ಕ್ರಮ. ನವೆಂಬರಿನಲ್ಲಿ ನೆಲ ಗಟ್ಟಿಯಾಗುವ ಮೊದಲೇ ಡ್ರೈವ್‌ವೇಯ ಎರಡೂ ಅಂಚಿಗೆ ಬಣ್ಣದ ಕೋಲುಗಳನ್ನು ನೆಡುತ್ತಾರೆ. ಹಿಮ ಬಿದ್ದ ಮೇಲೆ ದಾರಿ ಯಾವುದು, ಹುಲ್ಲು ಯಾವುದು ಎಂದು ತಿಳಿಯುವುದಿಲ್ಲ. ಬೆಳಗ್ಗೆ ಐದಕ್ಕೆ ಜೀಪು ಹಲಗೆಯೆತ್ತಿಕೊಂಡು ಗ್ಯಾರೇಜಿನಿಂದ ಹೊರಬಂದು, ಒಮ್ಮೆ ತಿರುಗಿ, ಗ್ಯಾರೇಜಿನ ಬಾಗಿಲ ಬಳಿ ಹಲಗೆ ಇಳಿಸಿ, ಹಿಂದಕ್ಕೆ ಹೋಗುತ್ತ ಅಲ್ಲಿನ ಹಿಮವನ್ನು ಎಳೆದುಕೊಳ್ಳುತ್ತದೆ. ಬಾಗಿಲ ಕಡೆಗೆ ತಳ್ಳಿದರೆ ಬಾಗಿಲೇ ಹೋಗುತ್ತದಲ್ಲ. ಆಮೇಲೆ ಮುಂದಕ್ಕೆ, ನಡಿಗೆಗಿಂತ ತುಸು ಹೆಚ್ಚು ವೇಗದಲ್ಲಿ. ಮುಂದಿನಿಂದ ಹಿಂದಿನ ಗೇರಿಗೆ ಹಾಕುವ ಮೊದಲು ಗಾಡಿ ಪೂರ್ತಿ ನಿಲ್ಲಬೇಕು. ಇಡೀ ರಾತ್ರಿ ಬೀಳುವ ಸೂಚನೆಯಿದ್ದರೆ ಒಂದಡಿ ಆಗಲೆಂದು ಕಾಯದೆ, ಮಲಗುವ ಮೊದಲೇ ಒಮ್ಮೆ ತಳ್ಳಿಬಿಡುವುದು ಜಾಣತನ. ಸಲಿಕೆಯಲ್ಲಿ ಎರಡು ಗಂಟೆ ಆಗುತ್ತಿದ್ದ ಕೆಲಸ ಹದಿನೈದು ನಿಮಿಷಕ್ಕೆ ಮುಗಿಯತೊಡಗಿತು.

ಎಲ್ಲಕ್ಕಿಂತ ಕಷ್ಟದ್ದು, ತಳ್ಳಿದ ಹಿಮವನ್ನು ಇಡುವುದೆಲ್ಲಿ ಎಂಬುದು. ಬೀದಿಗೆ ತಳ್ಳುವಂತಿಲ್ಲ, ನ್ಯೂಯಾರ್ಕ್ ರಾಜ್ಯದ ಕಾನೂನು ಅದನ್ನು ನಿಷೇಧಿಸುತ್ತದೆ. ಜಾರುವ ರಾಶಿಗೆ ಇನ್ನೊಬ್ಬರ ಕಾರು ಬಡಿದರೆ? ನೆರೆಯವರ ಅಂಗಳಕ್ಕೂ ಹಾಕುವಂತಿಲ್ಲ. ನಮ್ಮ ಕಸವನ್ನು ಪಕ್ಕದ ಮನೆಯ ಮುಂದೆ ಗುಡಿಸಿ ಕೈತೊಳೆದುಕೊಳ್ಳುವ ನಮ್ಮೂರ ಪದ್ಧತಿ ಅಲ್ಲಿ ನಡೆಯದು. ಬೆಂಕಿ ಆರಿಸುವ ನೀರಿನ ಕೊಳಾಯಿ ಬೀದಿಬದಿಯಲ್ಲಿದ್ದರೆ ಅದನ್ನು ಮುಚ್ಚಬಾರದು. ಅಂಚೆಯವನು ಪೆಟ್ಟಿಗೆಯ ಹತ್ತಿರ ಬರುವಂತಿರಬೇಕು. ಉಳಿದದ್ದು ನಮ್ಮದೇ ಹುಲ್ಲಿನ ಅಂಗಳ. ಅಲ್ಲೂ ಡಿಸೆಂಬರಿನ ಹಿಮವನ್ನು ಆದಷ್ಟು ದೂರಕ್ಕೆ ತಳ್ಳದಿದ್ದರೆ ಫೆಬ್ರವರಿಯ ಹಿಮಕ್ಕೆ ಜಾಗವಿರುವುದಿಲ್ಲ. ಇಷ್ಟೆಲ್ಲ ಮಾಡಿ ಒಳಗೆ ಬಂದು ಕೂತರೆ ಊರಿನ ಲಾರಿ ಬೀದಿಯನ್ನು ತಳ್ಳುತ್ತ ಹೋಗಿ, ನಮ್ಮ ಡ್ರೈವ್‌ವೇಯ ಬಾಯಿಗೆ ಮೊಣಕಾಲೆತ್ತರದ ಗಟ್ಟಿ ಒಡ್ಡು ಹಾಕಿ ಹೋಗುತ್ತದೆ. ಮತ್ತೆ ಬೂಟು, ಮತ್ತೆ ಟೋಪಿ. ಆ ಲಾರಿಯವನನ್ನು ಬೈಯದ ಮನೆ ಆ ಬೀದಿಯಲ್ಲಿಲ್ಲ. ಅವನು ಬಾರದಿದ್ದರೆ ಬೈಯದ ಮನೆಯೂ ಇಲ್ಲ.

ಮಕ್ಕಳಿಗೆ ಆ ರಾಶಿ ಎಂದರೆ ಕೋಟೆ. ಸುರಂಗ ತೋಡುತ್ತಾರೆ. ಬೀದಿಯ ಅಂಚಿನ ರಾಶಿಯಲ್ಲಿ ಮಾತ್ರ ಆಡಲು ಬಿಡಬಾರದು, ಲಾರಿಯವನಿಗೆ ಒಳಗಿರುವ ಮಗು ಕಾಣುವುದಿಲ್ಲ. ಮೊಮ್ಮಗಳ ಕೋಟೆಗೆ ಹಿತ್ತಲಿನ ರಾಶಿಯನ್ನು ಗೊತ್ತು ಮಾಡಿದ್ದರು, ಅದೂ ದೊಡ್ಡವರು ಜೊತೆಗಿದ್ದರೆ ಮಾತ್ರ. ಜೀಪು ನಿಂತಾಗೆಲ್ಲ ಹಲಗೆಯನ್ನು ನೆಲಕ್ಕೆ ಇಳಿಸಿಯೇ ಇಡುತ್ತಿದ್ದದ್ದೂ ಅವಳ ಕಾರಣಕ್ಕೆ.

ಪಕ್ಕದ ಮನೆಯಲ್ಲಿ ಎಂಬತ್ತನಾಲ್ಕು ವರ್ಷದ ನಿವೃತ್ತ ಶಿಕ್ಷಕಿ ಒಬ್ಬರೇ ಇದ್ದರು. ನಮ್ಮದು ಮುಗಿದ ಮೇಲೆ ಮಗ ಅವರ ದಾರಿಯನ್ನೂ ತೆಗೆಯುತ್ತಿದ್ದ. ಆಕೆ ಮೊದಲ ದಿನವೇ ಹಣ ತಂದರು. ಮಗ ಮುಟ್ಟಲಿಲ್ಲ. ಸೌಜನ್ಯ ಒಂದು ಕಡೆ ಇರಲಿ, ಹಣ ತೆಗೆದುಕೊಂಡರೆ ಅದು ವ್ಯಾಪಾರ. ಮನೆಬಳಕೆಯ ಗಾಡಿಯ ವಿಮೆ ವ್ಯಾಪಾರಕ್ಕೆ ಹೊಂದುವುದಿಲ್ಲ. ಇದನ್ನು ನಾನೂ ಒತ್ತಿ ಹೇಳಿದೆ. ಆಕೆ ಸೇಬಿನ ಜ್ಯಾಮಿನ ಬಾಟಲಿ ತರತೊಡಗಿದರು. ನನ್ನ ಹೆಂಡತಿ ಖಾಲಿ ಬಾಟಲಿ ಹಿಂದಿರುಗಿಸಬಾರದೆಂದು ಚಕ್ಕುಲಿ ತುಂಬಿ ಕಳಿಸುತ್ತಿದ್ದಳು.

ಫೆಬ್ರವರಿಯ ಒಂದು ರಾತ್ರಿ, ಒಂದೂವರೆ ಗಂಟೆಗೆ ಅವರ ಫೋನ್ ಬಂತು. ಎದೆ ಹಿಡಿದುಕೊಂಡಿದೆ, ಆಂಬುಲೆನ್ಸಿಗೆ ಹೇಳಿದ್ದೇನೆ ಎಂದರು. ಹೊರಗೆ ಸಂಜೆಯಿಂದ ಒಂದಡಿ ಬಿದ್ದು ಇನ್ನೂ ಬೀಳುತ್ತಿತ್ತು. ಸೊಸೆ ಮೊಣಕಾಲುದ್ದದ ಹಿಮದಲ್ಲೇ ನಡೆದು ಅವರ ಮನೆಗೆ ಹೋದಳು. ಮಗ ಜೀಪು ತೆಗೆದ. ನಮ್ಮ ಅಂಗಳದಲ್ಲಿ ಒಂದೇ ಸಾಲು ಬಿಡಿಸಿಕೊಂಡು, ಅವರ ಡ್ರೈವ್‌ವೇಗೆ ಇಳಿದು, ಬೀದಿಯಿಂದ ಮೆಟ್ಟಿಲವರೆಗೆ ಹಿಂದೆ ಮುಂದೆ ಎಳೆದ. ನಾವಿಬ್ಬರು ಮುದುಕರು ಕಿಟಕಿಯಲ್ಲಿ ನಿಂತು ಆ ಹಳದಿ ದೀಪ ಹೋಗಿ ಬರುವುದನ್ನು ನೋಡುತ್ತಿದ್ದೆವು. ಆಂಬುಲೆನ್ಸ್ ಬಂದಾಗ ಅದು ಬಾಗಿಲವರೆಗೆ ಹಿಮ್ಮುಖವಾಗಿ ಬರುವಷ್ಟು ದಾರಿಯಾಗಿತ್ತು. ಚಕ್ರದ ಮಂಚವನ್ನು ಹಿಮದ ಮೇಲೆ ಉರುಳಿಸಲಾಗದು, ತಿಳಿಯಿತೇ? ಒಂಬತ್ತು ದಿನದ ಮೇಲೆ ಆಕೆ ಮನೆಗೆ ಬಂದರು. ಜ್ಯಾಮ್ ಮಾಡುವಷ್ಟು ಶಕ್ತಿಯಿಲ್ಲ ಎಂದು ಅಂಗಡಿಯದನ್ನೇ ತರಿಸಿ ಕೊಟ್ಟರು.

ಮಾರ್ಚ್ ಕೊನೆಗೆ ಮಗ ಹಲಗೆಯನ್ನು ಬಿಚ್ಚಿ ಮರದ ದಿಮ್ಮಿಗಳ ಮೇಲಿಟ್ಟು, ಪಿನ್ನುಗಳಿಗೆ ಗ್ರೀಸ್ ಹಚ್ಚಿ, ಜೀಪಿನ ಹೊಟ್ಟೆಯಡಿಯ ಉಪ್ಪನ್ನು ನೀರು ಹಾಯಿಸಿ ತೊಳೆದ. ಮರುವಾರವೇ ಐದು ಇಂಚು ಬಿದ್ದು ಸಲಿಕೆ ಹಿಡಿಯಬೇಕಾಯಿತು. ಹಿತ್ತಲಿನ ರಾಶಿ ದಿನೇದಿನೇ ಕುಗ್ಗಿ, ಕಪ್ಪಾಗಿ, ಒಳಗಿನಿಂದ ಡಿಸೆಂಬರಿನ ಒಂದು ಕೈಗವಸು, ಒಂದು ಟೆನ್ನಿಸ್ ಚೆಂಡು, ಮುರಿದ ಎರಡು ಬಣ್ಣದ ಕೋಲು ಹೊರಬಿದ್ದವು. ಅದು ಯಾವ ದಿನ ಪೂರ್ತಿ ಕರಗುತ್ತದೆ ಎಂದು ಮನೆಯವರೆಲ್ಲ ಒಂದೊಂದು ತಾರೀಖು ಬರೆದು ಫ್ರಿಜ್ಜಿಗೆ ಅಂಟಿಸಿದ್ದೆವು. ನಾವು ವಿಮಾನ ಹತ್ತಿದ ದಿನ ಅದು ಇನ್ನೂ ಮೊಣಕಾಲೆತ್ತರ ಇತ್ತು. ಏಪ್ರಿಲ್ 19ಕ್ಕೆ ಕರಗಿತು ಎಂದು ಮೊಮ್ಮಗಳು ಫೋನಿನಲ್ಲಿ ತಿಳಿಸಿದಳು. ಗೆದ್ದವಳು ಅಜ್ಜಿ.